ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಶೆಡ್ಡಿಗೆ ಬೀಗ ಹಾಕಿ ಮನೆಯಲ್ಲಿ ಕೂತ ಕೆಲವು ತಿಂಗಳಿಗೆ ನಮ್ಮ ನರಸೀಪುರದ ಕಡೆಯ ಒಂದು ಐಟಿಐನವರು ನನ್ನನ್ನು ಕರೆದರು. ಮೋಟಾರ್ ಮೆಕ್ಯಾನಿಕ್ ಟ್ರೇಡಿಗೆ ಹೊಸದಾಗಿ ಸೇರಿದವರಿಗೆ ನಿಮ್ಮ ಅನುಭವದ ನಾಲ್ಕು ಮಾತು ಹೇಳಿ ಎಂದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಮೈಕು ಕೈಗೆ ಬಂದದ್ದೇ ತಡ, ನಲವತ್ತು ವರ್ಷದ ಕೆಲಸ ತಲೆಯಿಂದ ಇಳಿದು ಎಲ್ಲಿಗೋ ಹೋಗಿಬಿಟ್ಟಿತು. "ಎಲ್ಲರೂ ಶ್ರದ್ಧೆಯಿಂದ ಕಲಿಯಿರಿ" ಎಂದು ಎರಡು ಸಲ ಹೇಳಿ ಕೂತುಬಿಟ್ಟೆ.

ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ಕೇಳಿದಳು: "ಸಾರ್, ನಿಮಗೆ ಜಾಸ್ತಿ ಕಷ್ಟ ಕೊಟ್ಟ ಕಂಪ್ಲೇಂಟ್ ಯಾವುದು?"

ನಾನು ಯೋಚನೆಯನ್ನೇ ಮಾಡದೆ, "ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗಲ್ಲ" ಅಂದೆ.

ಎಲ್ಲರೂ ನಕ್ಕರು. ಗೇರ್ ಬಾಕ್ಸ್ ಒಡೆದದ್ದು, ಎಂಜಿನ್ ಹಿಡಿದುಕೊಂಡದ್ದು, ಅಂಥ ದೊಡ್ಡದೇನೋ ಹೇಳುತ್ತಾನೆ ಮುದುಕ ಎಂದುಕೊಂಡಿದ್ದರೋ ಏನೋ. ಯಾಕೆ ಹಾಗಂದೆ ಎಂದು ವಿವರಿಸಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಹೆಂಡತಿ ರತ್ನಳಿಗೆ ಹೇಳಿದೆ. "ಊಟಕ್ಕೆ ಕೂತ್ರೆ ಸಾರು ತಣ್ಣಗಾಗೋಗಂಟ ಗಾಡಿ ಕತೆ ಯೋಳ್ತೀರಿ. ಅಲ್ಲಿ ಯಾಕೆ ಬಾಯಿಗೆ ಬೀಗ? ಬಾಯಲ್ಲಿ ಆಗದಿದ್ರೆ ಬರ್ದು ಕೊಡಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಾತು ಸ್ಪಷ್ಟವಾಗಲಿ. ಕೀಲಿ ತಿರುಗಿಸಿದರೆ ಏನೂ ಸದ್ದಿಲ್ಲ ಅಂದರೆ ಅದು ಸುಲಭದ ಕೆಲಸ; ಬ್ಯಾಟರಿಯೋ, ಅದರ ತಂತಿಯೋ, ಸೆಲ್ಫ್ ಮೋಟಾರೋ, ಮೂರರಲ್ಲಿ ಒಂದು. ಆದರೆ ಕೀಲಿ ತಿರುಗಿಸಿದಾಗ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಸುತ್ತುತ್ತದೆ, ಇನ್ನೇನು ಹತ್ತಿಕೊಂಡಿತು ಅನ್ನಿಸುತ್ತದೆ, ಹತ್ತಿಕೊಳ್ಳುವುದಿಲ್ಲ. ಗಾಡಿಯ ಒಡೆಯ ಮತ್ತೆ ತಿರುಗಿಸುತ್ತಾನೆ. ಮತ್ತೆ ಆಸೆ, ಮತ್ತೆ ಇಲ್ಲ. ಕಾರಣ ಸಾಸಿವೆ ಕಾಳಿನಷ್ಟಿರಬಹುದು, ಎಂಜಿನ್ ಪೂರ್ತಿ ಬಿಚ್ಚುವಷ್ಟೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ನನ್ನದು ಹೆಮ್ಮರಗಾಲ. ಐಟಿಐ ಮುಗಿಸಿ ಕೈಯಲ್ಲಿ ಸರ್ಟಿಫಿಕೇಟ್ ಹಿಡಿದು ನಂಜನಗೂಡಿನ ಬೋರಯ್ಯ ಮೇಸ್ತ್ರಿಯ ಗ್ಯಾರೇಜಿಗೆ ಸೇರಿದಾಗ ನನಗೆ ಇಪ್ಪತ್ತೆರಡು. ಮೇಸ್ತ್ರಿ ಆ ಸರ್ಟಿಫಿಕೇಟನ್ನು ಎರಡೂ ಕಡೆ ತಿರುಗಿಸಿ ನೋಡಿ, "ಚೆನ್ನಾಗದೆ. ಮನೇಲಿ ಮಡಗು, ಇಲ್ಲಿ ಮಸಿ ಆಯ್ತದೆ" ಎಂದರು. ಕುಳ್ಳಗಿನ ಆಳು, ಎದೆಯ ಮೇಲೆ ಯಾವಾಗಲೂ ಒಂದು ಬಿಳಿ ಟವೆಲು. ಆ ಟವೆಲಿಗೆ ಒಂದು ಚುಕ್ಕೆ ಎಣ್ಣೆ ತಾಕಿದ್ದನ್ನು ನಾನು ಕಂಡಿಲ್ಲ. ಅವರು ಗಾಡಿ ಮುಟ್ಟುತ್ತಿದ್ದದ್ದೇ ಕಡಿಮೆ. ಕೇಳುತ್ತಿದ್ದರು, ಮೂಸುತ್ತಿದ್ದರು, ಆಮೇಲೆ ಒಂದೇ ಒಂದು ಕಡೆ ಸ್ಪ್ಯಾನರ್ ಹಾಕುತ್ತಿದ್ದರು.

ಸೇರಿದ ಎರಡನೆಯ ವಾರವೇ ನನ್ನ ಮರ್ಯಾದೆ ಹೋಯಿತು. ಊರಿನ ನಿವೃತ್ತ ಹೆಡ್‌ಮಾಸ್ಟರೊಬ್ಬರ ಕಾರು. ಮೇಸ್ತ್ರಿ ಮೈಸೂರಿಗೆ ಸಾಮಾನು ತರಲು ಹೋಗಿದ್ದರು. ಹೆಡ್‌ಮಾಸ್ಟರು ನಾಲ್ಕು ಜನರಿಂದ ಕಾರು ತಳ್ಳಿಸಿಕೊಂಡು ಬಂದು, "ನಿನ್ನೆ ಸಂಜೆ ಚೆನ್ನಾಗಿ ಓಡ್ತಿತ್ತಪ್ಪ. ಬೆಳಿಗ್ಗೆಯಿಂದ ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗ್ತಾ ಇಲ್ಲ" ಎಂದರು.

ನನಗೆ ಒಳಗೊಳಗೇ ಖುಷಿ. ಮೇಸ್ತ್ರಿ ಬರುವುದರೊಳಗೆ ಸರಿ ಮಾಡಿ ತೋರಿಸಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದೆ. ಆಗಲಿಲ್ಲ. ಕಿಡಿ ಹುಟ್ಟಿಸುವ ಪಾಯಿಂಟ್ ಉಜ್ಜಿದೆ, ಆಗಲಿಲ್ಲ. ಕಂಡೆನ್ಸರ್ ಬದಲಾಯಿಸಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಇಳಿಸಿ, ಅದರ ಸಣ್ಣ ಸಣ್ಣ ತೂತುಗಳನ್ನೆಲ್ಲ ಊದಿ, ತೊಳೆದು ಹಾಕಿದೆ. ಹೆಡ್‌ಮಾಸ್ಟರು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದವರು ಆಗಾಗ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಪರೀಕ್ಷೆಯ ಕೋಣೆಯಲ್ಲಿ ನೋಡುವ ಹಾಗೆ.

ಮಧ್ಯಾಹ್ನ ಮೇಸ್ತ್ರಿ ಬಂದರು. ನಾನು ಮಾಡಿದ್ದನ್ನೆಲ್ಲ ಪಟ್ಟಿ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪ್ಲಗ್ ಬಿಚ್ದಲ್ಲ, ಒದ್ದೆ ಇತ್ತಾ, ಒಣಗಿತ್ತಾ?"

"ನೋಡ್ಲಿಲ್ಲ ಸಾ. ಕ್ಲೀನ್ ಮಾಡಿ ಹಾಕ್ದೆ."

"ಎಷ್ಟು ಸಲ ಬಿಚ್ದೆ?"

"ನಾಕು ಸಲ."

ಮೇಸ್ತ್ರಿ ಕಾರಿನ ಹಿಂದೆ ಹೋದರು. ಬಂಪರಿನ ಮೇಲೆ ಮಂಡಿ ಊರಿ ಗಾಡಿಯನ್ನು ಎರಡು ಸಲ ಅಲ್ಲಾಡಿಸಿ, ಟ್ಯಾಂಕಿನ ಕಡೆ ಕಿವಿ ಕೊಟ್ಟರು. ನನ್ನನ್ನೂ ಕರೆದು ಕಿವಿ ಕೊಡಿಸಿದರು. ಒಳಗೆ ಪೆಟ್ರೋಲ್ ಕುಲುಕುವ ಸದ್ದಿಲ್ಲ, ಖಾಲಿ ಡಬ್ಬದ ಸದ್ದು. ಸ್ಟಿಯರಿಂಗಿನ ಮುಂದಿನ ಪೆಟ್ರೋಲ್ ಮುಳ್ಳು ಮಾತ್ರ ಅರ್ಧ ಟ್ಯಾಂಕ್ ತೋರಿಸುತ್ತಾ ನಿಂತಿತ್ತು. ಅದು ಅಲ್ಲೇ ಸಿಕ್ಕಿಕೊಂಡು ಎಷ್ಟು ದಿನವಾಗಿತ್ತೋ.

ಪೆಟ್ರೋಲ್ ಇದ್ದರೆ ಪ್ಲಗ್ ತುದಿ ಒದ್ದೆಯಾಗಿರಬೇಕು. ನಾಲ್ಕು ಪ್ಲಗ್ಗು ನಾಲ್ಕು ಸಲ, ಹದಿನಾರು ಬಾರಿ ಕಾರು ನನ್ನ ಕಣ್ಣೆದುರಿಗೇ ಹೇಳಿತ್ತು, ನಾನು ಉಜ್ಜುವುದರಲ್ಲಿ ಮುಳುಗಿದ್ದೆ. ಕ್ಯಾನು ಹಿಡಿದು ಬಂಕಿಗೆ ಹೋಗಿ ಬಂದೆ. ಒಂದೇ ಸೆಲ್ಫಿಗೆ ಕಾರು ಸ್ಟಾರ್ಟ್ ಆಯಿತು. ಹೆಡ್‌ಮಾಸ್ಟರು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿನಗೆ ಸೊನ್ನೆ ಕೊಡಬೇಕು ಅಂತಿದ್ದೆ ಕಣಪ್ಪ. ಆದರೆ ಟ್ಯಾಂಕ್ ನೋಡದೆ ಇರೋ ನನಗೂ ಸೊನ್ನೆಯೇ. ಇಬ್ಬರೂ ಫೇಲು" ಎಂದು ಹೇಳಿ ಹೋದರು.

ಆವತ್ತು ಸಂಜೆ ಮೇಸ್ತ್ರಿ ಟೀ ತರಿಸಿ ಕೂರಿಸಿಕೊಂಡು ಪಾಠ ಮಾಡಿದರು. ಅದೊಂದೇ ಪಾಠ, ಆಮೇಲೆ ಹತ್ತು ವರ್ಷ ಅದನ್ನೇ ತಿದ್ದಿಸಿದರು.

"ನೋಡ್ಲಾ ಮಾದೇವ. ಸೆಲ್ಫ್ ಹೊಡೀತದೆ ಅಂದ್ರೆ ಗಾಡಿ ಸತ್ತಿಲ್ಲ. ಏನೋ ಒಂದು ಸಿಕ್ತಾ ಇಲ್ಲ ಅದಕ್ಕೆ. ಬೆಂಕಿ ಸಿಕ್ತಾ ಇಲ್ವಾ, ಎಣ್ಣೆ ಸಿಕ್ತಾ ಇಲ್ವಾ, ಗಾಳಿ ಸಿಕ್ತಾ ಇಲ್ವಾ. ಮೂರೂ ಸಿಕ್ಕಿದ್ರೂ ಹೊತ್ತಿಗೆ ಸರ್ಯಾಗಿ ಸಿಕ್ತಾ ಇಲ್ವಾ. ಇಷ್ಟೇಯ. ಯಾವ್ದು ಅಂತ ಗೊತ್ತಾಗೋಗಂಟ ಸ್ಪ್ಯಾನರ್ ಮುಟ್ಬೇಡ."

ಕಣ್ಣು ಮುಚ್ಚಿಸಿ ಸೆಲ್ಫಿನ ಸದ್ದು ಕೇಳಿಸುತ್ತಿದ್ದರು. ಎಂಜಿನ್ನಿನಲ್ಲಿ ಒತ್ತಡ ಸರಿಯಾಗಿದ್ದರೆ ಆ ಸದ್ದು ಏದುಸಿರು ಬಿಟ್ಟ ಹಾಗೆ ಏರಿ ಇಳಿದು ಬರುತ್ತದೆ. ಒಳಗಿನ ಟೈಮಿಂಗ್ ಬೆಲ್ಟ್ ಹರಿದಿದ್ದರೆ ಏರಿಳಿತವೇ ಇಲ್ಲದೆ ಹೊಲಿಗೆ ಯಂತ್ರದ ಹಾಗೆ ಹಗುರವಾಗಿ ಓಡುತ್ತದೆ. ಸೈಲೆನ್ಸರಿನ ಬಾಯಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಎಣ್ಣೆ ಬರುತ್ತಿದೆ, ಬೆಂಕಿ ಇಲ್ಲ. ಬೆಂಕಿ ಇದೆಯೋ ಎಂದು ನೋಡಲು ಪ್ಲಗ್ಗಿನ ತಂತಿ ಕಿತ್ತು ಎಂಜಿನ್ನಿನ ಹತ್ತಿರ ಹಿಡಿದು ಸೆಲ್ಫ್ ಹೊಡೆಸುತ್ತಿದ್ದರು. ಚಟ್ ಚಟ್ ಎಂದು ನೀಲಿ ಕಿಡಿ ಹಾರಬೇಕು. ಆ ತಂತಿ ಹಿಡಿಯುವುದನ್ನು ನಾನು ಬಲು ಬೇಗ ಕಲಿತೆ. ಶಾಕ್ ಹೊಡೆಸಿಕೊಂಡು ಕುಣಿದದ್ದೂ ಉಂಟು.

ಇದೆಲ್ಲಕ್ಕಿಂತ ಮೊದಲು ಇನ್ನೊಂದಿತ್ತು. ಗಾಡಿ ತಂದವರನ್ನು ಕೂರಿಸಿ ಮಾತಾಡಿಸುವುದು. "ಕೊನೇ ಸಲ ಯಾವಾಗ ಓಡ್ತು, ಆಮೇಲೆ ಯಾರ್ಯಾರು ಏನ್ ಮಾಡುದ್ರು, ಎಲ್ಲಾ ಕೇಳು. ಜನ ಸುಳ್ಳು ಯೋಳಲ್ಲ ಕಣ್ಲಾ, ಮರೀತಾರೆ" ಎನ್ನುತ್ತಿದ್ದರು.

ಅದು ನಿಜವೆಂದು ನಮ್ಮೂರಿನಲ್ಲೇ ಗೊತ್ತಾಯಿತು. ನಮ್ಮ ಸೋದರಮಾವ ಕಣದ ಪಕ್ಕದಲ್ಲಿ ನಿಲ್ಲಿಸಿದ್ದ ಜೀಪು ಒಂದು ತಿಂಗಳಾದ ಮೇಲೆ ಸ್ಟಾರ್ಟ್ ಆಗಲಿಲ್ಲ. ಹೋಗಿ ನೋಡಿದರೆ ಕಿಡಿ ಇದೆ, ಎಣ್ಣೆ ಇದೆ. "ಏನಾದ್ರೂ ಮಾಡುದ್ರಾ ಮಾವ?" ಎಂದರೆ "ಮುಟ್ಟೇ ಇಲ್ಲ" ಎಂದು ಆಣೆ ಇಡಲು ತಯಾರು. ಗಾಳಿ ಎಳೆದುಕೊಳ್ಳುವ ಕೊಳವೆಗೆ ಕೈ ಹಾಕಿದೆ. ಒಳಗಿನಿಂದ ಒಂದು ಹಸಿರು ಜರಿಯ ರವಿಕೆ ಬಂತು. ರಾಗಿ ಬಡಿಯುವಾಗ ಹೊಟ್ಟು ಒಳಗೆ ಹೋಗಬಾರದೆಂದು ಮಾವನೇ ತುರುಕಿ ಮರೆತಿದ್ದರು. ಜೀಪು ಸ್ಟಾರ್ಟ್ ಆದ ಸಂತೋಷಕ್ಕಿಂತ, ಕಳೆದುಹೋಗಿದೆ ಎಂದು ತಿಂಗಳಿಡೀ ಹುಡುಕಿದ್ದ ರವಿಕೆ ಮಸಿಯಾಗಿ ಸಿಕ್ಕಿದ್ದಕ್ಕೆ ಅತ್ತೆಯ ಗದ್ದಲವೇ ಹೆಚ್ಚಾಯಿತು.

ಹತ್ತು ವರ್ಷದ ನಂತರ ಮೇಸ್ತ್ರಿಯವರೇ ಬಂದು ದೀಪ ಹಚ್ಚಿ ನರಸೀಪುರದಲ್ಲಿ ನನ್ನ ಶೆಡ್ ತೆರೆಸಿಕೊಟ್ಟರು. ಅಲ್ಲಿ ನಡೆದ ಒಂದು ಸಂಗತಿ ನೆನೆದರೆ ಈಗಲೂ ನಗು ಬರುತ್ತದೆ. ಆವತ್ತು ಮಾತ್ರ ಬೆವರು ಬಂದಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ. ಪ್ರಶ್ನೆಪತ್ರಿಕೆಗಳನ್ನು ಖಜಾನೆಯಲ್ಲಿಟ್ಟು, ಪರೀಕ್ಷೆಯ ದಿನ ಬೆಳಿಗ್ಗೆ ಪೊಲೀಸ್ ಕಾವಲಿನಲ್ಲಿ ಗಾಡಿಯಲ್ಲಿ ಹಂಚಿ ಬರುತ್ತಾರೆ. ಒಂದು ಬೆಳಿಗ್ಗೆ ಕಾನ್‌ಸ್ಟೇಬಲೊಬ್ಬರು ಸೈಕಲ್ಲು ತುಳಿದುಕೊಂಡು ಬಂದರು. "ಬೇಗ ಬನ್ನಿ, ಪೇಪರ್ ಗಾಡಿ ನಿಂತೋಗದೆ. ಸೆಲ್ಫ್ ಹೊಡೀತದೆ, ಸ್ಟಾರ್ಟ್ ಆಗಲ್ಲ."

ಹೋದೆ. ಖಜಾನೆಯ ಅಂಗಳದಲ್ಲಿ ಬಾಡಿಗೆಯ ಪೆಟ್ರೋಲ್ ವ್ಯಾನು, ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ, ಗಾಜಿಗೆ ಮೂರು ಬೆರಳಿನ ವಿಭೂತಿ. ಒಳಗೆ ಸೀಲು ಮಾಡಿದ ಪೆಟ್ಟಿಗೆಗಳು. ಹಂಚುವ ಜವಾಬ್ದಾರಿ ಹೊತ್ತಿದ್ದ ಮೇಡಂ ಗಡಿಯಾರ ನೋಡುತ್ತಾ ನಿಂತಿದ್ದರು. ಬೇರೆ ಗಾಡಿ ಹುಡುಕಲು ಒಬ್ಬರು ಓಡಿದ್ದರಂತೆ. ಡ್ರೈವರ್ ನಂಜುಂಡ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನೂ ಸುಸ್ತು ಮಾಡಿಟ್ಟಿದ್ದ.

"ಯಾವ ಕಡೆಗೆ ಮೇಡಂ ಈ ಗಾಡಿ?" ಎಂದೆ.

"ಮೂಗೂರಿನ ಕಡೆ. ಇವತ್ತು ಗಣಿತ."

ನನ್ನ ಮಗಳು ರಮಾ ಅಜ್ಜಿಯ ಮನೆಯಲ್ಲಿದ್ದುಕೊಂಡು ಮೂಗೂರಿನಲ್ಲೇ ಓದುತ್ತಿದ್ದಳು. ಅದೇ ಕೇಂದ್ರದಲ್ಲಿ ಆ ಹೊತ್ತಿಗೆ ಪೆನ್ನು ಹಿಡಿದು ಕಾಯುತ್ತಿದ್ದಳು. ಅದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ನಂಜುಂಡನನ್ನು ಪಕ್ಕಕ್ಕೆ ಕರೆದೆ.

"ನೆನ್ನೆ ಸಂಜೆ ಗಾಡಿ ಇಲ್ಲಿಗೆ ಓಡ್ಕಂಡು ಬಂತಲ್ಲ. ಬೆಳಿಗ್ಗೆಯಿಂದ ಏನ್ ಮಾಡ್ದೆ?"

"ಏನೂ ಇಲ್ಲಣ್ಣ. ಪೂಜೆ ಮಾಡ್ದೆ."

"ಪೂಜೆಗಿಂತ ಮುಂಚೆ?"

"ಸ್ನಾನ ಮಾಡ್ದೆ."

"ನೀನೋ, ಗಾಡಿನೋ?"

ಅವನು ನೆಲ ನೋಡಿದ. "ಇಬ್ರೂ."

"ಬಾನೆಟ್ ಎತ್ತಿ ನೀರು ಬುಟ್ಟೆಯಾ?"

"ಒಳ್ಳೆ ಕೆಲ್ಸಕ್ಕೆ ಓಗೋ ಗಾಡಿ ಅಲ್ವಾಣ್ಣ, ಒಳಗೂ ಸುದ್ಧ ಇರ್ಲಿ ಅಂತ..."

ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಇಬ್ಬನಿ ಕೂತ ಹಾಗೆ ನೀರಿನ ಹನಿಗಳು. ಕಿಡಿ ಪ್ಲಗ್ಗಿಗೆ ಹೋಗದೆ ಆ ನೀರಿನಲ್ಲೇ ದಾರಿ ತಪ್ಪುತ್ತಿತ್ತು. ನನ್ನ ಬಟ್ಟೆಗಳೆಲ್ಲ ಎಣ್ಣೆಯವು. "ಒಣಗಿದ ಬಟ್ಟೆ ಯಾರತ್ರ ಅದೆ?" ಎಂದು ಕೂಗಿದೆ. ಕಾನ್‌ಸ್ಟೇಬಲ್ಲು ಜೇಬಿನಿಂದ ಮಡಿಕೆ ಬಿಚ್ಚದ ಕರವಸ್ತ್ರ ತೆಗೆದುಕೊಟ್ಟರು, ಘಮಘಮ ಪೌಡರ್ ವಾಸನೆ. ಮುಚ್ಚಳ ಒರೆಸಿದೆ, ತಂತಿಗಳನ್ನು ಒಂದೊಂದಾಗಿ ಒರೆಸಿದೆ. ತುಂಬಾ ಹೊಡೆದಿದ್ದರಿಂದ ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆಂದಿದ್ದವು, ಬಿಚ್ಚಿ ಒಣಗಿಸಿದೆ. ಪಕ್ಕದಲ್ಲಿದ್ದ, ಅಷ್ಟೂ ಪೆಟ್ಟಿಗೆ ಹಿಡಿಯದ ಪೊಲೀಸ್ ಜೀಪಿನಿಂದ ಬ್ಯಾಟರಿಗೆ ತಂತಿ ಎಳೆದು, ನಂಜುಂಡನಿಗೆ ಆಕ್ಸಿಲರೇಟರ್ ಪೂರ್ತಿ ಅದುಮಿ ಹಿಡಿದು ಹೊಡಿ ಎಂದೆ. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಬಿಳಿ ಹೊಗೆ ಬಿಟ್ಟು ವ್ಯಾನು ಗುರುಗುಟ್ಟಿತು.

ಮೇಡಂ ಒಂದೇ ನೆಗೆತಕ್ಕೆ ಒಳಗೆ ಕೂತರು. ನಂಜುಂಡ ಹೊರಡುವಾಗ ಮತ್ತೆ ಗಾಡಿಗೆ ಕೈಮುಗಿಯಲು ಇಳಿಯುತ್ತಿದ್ದ, ಅವರು ಗದರಿಸಿ ಹತ್ತಿಸಿದರು. ಪೇಪರುಗಳು ಹೊತ್ತಿಗೆ ಮುಂಚೆಯೇ ಮುಟ್ಟಿದವು.

ಸಂಜೆ ಮಗಳಿಗೆ ಫೋನು ಮಾಡಿ ಹೆಮ್ಮೆಯಿಂದ ಹೇಳಿದೆ. ಅವಳು, "ನಮ್ಮ ಸ್ಕೂಲಿನೋರು ಎಲ್ಲಾ ಪೇಪರ್ ಲೇಟಾಗ್ಲಿ ದೇವ್ರೇ ಅಂತ ಬೇಡ್ಕೋತಿದ್ವಿ. ನೀವೇನಪ್ಪಾ ಹಿಂಗೆ ಮಾಡ್ಬುಟ್ರಿ?" ಅಂದಳು.

ಹೀಗೆ ಹೆಸರು ಬಂದಿತು. ಹೆಸರಿನ ಜೊತೆ ಸ್ವಲ್ಪ ಕೊಬ್ಬೂ ಬಂದಿತು. ಅದನ್ನು ಬಚ್ಚಿಟ್ಟು ಬರೆದರೆ ಈ ಕಥನಕ್ಕೆ ಅರ್ಥವಿಲ್ಲ.

ಕಾರುಗಳು ಬದಲಾದವು. ಕಾರ್ಬೋರೇಟರ್ ಹೋಯಿತು, ಪಾಯಿಂಟ್ ಹೋಯಿತು, ಎಲ್ಲವನ್ನೂ ನಿಭಾಯಿಸುವ ಕಂಪ್ಯೂಟರ್ ಪೆಟ್ಟಿಗೆಯೊಂದು ಒಳಗೆ ಬಂದು ಕೂತಿತು. ಊರಿನ ಬೇರೆ ಮೆಕ್ಯಾನಿಕ್ಕುಗಳು ಸ್ಕ್ಯಾನರ್ ತಂದುಕೊಂಡರು. ಗಾಡಿಗೆ ಚುಚ್ಚಿದರೆ ಪರದೆಯ ಮೇಲೆ ತೊಂದರೆಯ ಕೋಡ್ ತೋರಿಸುವ ಯಂತ್ರ ಅದು. ನಾನು ತರಲಿಲ್ಲ. "ನನ್ ಕಿವಿಗಿಂತ ಅದು ಜಾಸ್ತಿ ಕೇಳ್ತದಾ?" ಎಂದು ಟೀ ಅಂಗಡಿಯಲ್ಲಿ ಭಾಷಣ ಮಾಡುತ್ತಿದ್ದೆ.

ಆಗ ಬಂದದ್ದು ಸಿಸ್ಟರ್ ಸರೋಜಮ್ಮನವರ ಕಾರು. ಅವರು ತಲಕಾಡಿನ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಬಸ್ಸಿಗೆ ಕಾದು ಸಾಕಾಗಿ, ಡ್ರೈವಿಂಗ್ ಕಲಿತು, ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸಣ್ಣ ಕಾರು, ಕಂಪ್ಯೂಟರ್ ಇರುವಂಥದ್ದೇ, ಕೊಂಡಿದ್ದರು. ಅದೇ ದೂರು: ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ.

ನಾನು ಅವರೆದುರಿಗೆ ಕೈಚಳಕ ತೋರಿಸಲು ಹೊರಟೆ. ಕಿಡಿ ನೋಡಬೇಕಲ್ಲ, ತಂತಿ ಕಿತ್ತು ಹಿಡಿದೆ. ಕಿಡಿ ಬಂತು. ಇನ್ನೂ ದೂರಕ್ಕೆ ಹಾರುತ್ತದೆಯೋ ನೋಡೋಣ ಎಂದು ತಂತಿಯನ್ನು ಇನ್ನಷ್ಟು ದೂರ ಹಿಡಿದು, "ಹೊಡೀರಿ ಸಿಸ್ಟರ್, ಇನ್ನೊಂದ್ಸಲ ಹೊಡೀರಿ" ಎಂದೆ. ಮೂರನೆಯ ಸಲ ಕಿಡಿ ಬರಲಿಲ್ಲ. ಡ್ಯಾಷ್‌ಬೋರ್ಡಿನ ದೀಪವೊಂದು ಆರಿಹೋಯಿತು. ಆಮೇಲೆ ಏನು ಮಾಡಿದರೂ ಇಲ್ಲ.

ಕಾರನ್ನು ಮೈಸೂರಿನ ಒಂದು ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋದೆವು. ಅಲ್ಲಿನ ಮೆಕ್ಯಾನಿಕ್ಕು ಪರೀಕ್ಷಿಸಿ ನನ್ನನ್ನು ಒಬ್ಬನನ್ನೇ ಕರೆದು ಹೇಳಿದ: "ಮೊದಲು ಇದ್ದ ತೊಂದರೆ ಟ್ಯಾಂಕಿನಿಂದ ಪೆಟ್ರೋಲ್ ತಳ್ಳೋ ಪಂಪಿನ ಫ್ಯೂಸ್ ಸುಟ್ಟಿದ್ದು, ಅಷ್ಟೇ. ಆಮೇಲೆ ಯಾರೋ ತಂತಿ ಕಿತ್ತು ಕಿಡಿ ಹಾರಿಸಿದಾರೆ. ಆ ಕರೆಂಟು ಹಿಂದಕ್ಕೆ ಹೊಡೆದು ಕಂಪ್ಯೂಟರ್ ಸುಟ್ಟಿದೆ."

ಉಗುರಿನಷ್ಟು ಅಗಲದ ಫ್ಯೂಸು. ಅದನ್ನು ನೋಡುವ ಮೊದಲೇ ನಾನು ಗಾಡಿಯ ಮಿದುಳನ್ನು ಸುಟ್ಟಿದ್ದೆ.

ಹೊರಗೆ ಬೆಂಚಿನ ಮೇಲೆ ಸಿಸ್ಟರ್ ಕೂತಿದ್ದರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಕಂಪ್ಯೂಟರ್ ಹೋಗಿತ್ತು ಎಂದಷ್ಟೇ ಹೇಳಿದ್ದರೆ ನಂಬುತ್ತಿದ್ದರು. ಒಳಗಿನಿಂದ ಆ ಬೆಂಚಿನವರೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟರಲ್ಲಿ ಏನೇನು ಸುಳ್ಳು ಹೊಳೆದವೋ ಲೆಕ್ಕವಿಲ್ಲ. ಹತ್ತಿರ ಹೋದಾಗ ಅವರು ತಲೆ ಎತ್ತಿ, "ಏನಂತೆ ಮಾದೇವಣ್ಣ?" ಎಂದರು. ಆ ಮುಖ ನೋಡಿ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

"ಸಿಸ್ಟರ್, ನಿಮ್ ಗಾಡೀಲಿ ಇದ್ದದ್ದು ಸಣ್ಣ ತೊಂದ್ರೆ. ದೊಡ್ಡದು ಮಾಡಿದ್ದು ನಾನು. ಹಳೇ ಕಾಲದ ಕಾರಿಗೆ ಮಾಡೋ ಹಂಗೆ ಇದಕ್ಕೂ ಮಾಡ್ದೆ. ಕಂಪ್ಯೂಟರ್ ಪೆಟ್ಟಿಗೆ ಸುಟ್ಟೋಯ್ತು, ಹೊಸದು ನನ್ ಕಾಸಲ್ಲೇ ಹಾಕಿಸ್ಕೊಡ್ತೀನಿ."

ಅವರು ಪಕ್ಕದಲ್ಲಿದ್ದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಅಲ್ಲೀಗಂಟ ನಾನು ಬಸ್ಸಲ್ಲಿ ಓಡಾಡ್ಬೇಕು ಅನ್ನಿ" ಎಂದು ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಾರು ಸರಿಯಾಗಿ ಅವರ ಮನೆ ಸೇರಿತು. ನನಗೆ ಮಾತ್ರ ಶೆಡ್ಡಿಗೆ ಹೋಗುವ ಮನಸ್ಸೇ ಇಲ್ಲ. ಇನ್ನು ಸಾಕು, ಈ ಹೊಸ ಗಾಡಿಗಳು ನನ್ನ ಕೈಗೆ ಹತ್ತುವುದಿಲ್ಲ ಎಂದು ತೀರ್ಮಾನಿಸಿ, ಅದನ್ನು ಹೇಳಿ ಬರೋಣವೆಂದು ನಂಜನಗೂಡಿಗೆ ಹೋದೆ. ಮೇಸ್ತ್ರಿಗೆ ಆಗ ವಯಸ್ಸಾಗಿತ್ತು, ಗ್ಯಾರೇಜು ಮುಚ್ಚಿದ್ದರು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಕೂತು ಸುಲಿಯುತ್ತಾ ಎಲ್ಲವನ್ನೂ ಹೇಳಿದೆ. "ನೀವು ಕಲಿಸಿದ್ದನ್ನೇ ಮಾಡ್ದೆ ಸಾ. ಅದೇ ಮುಳುವಾಯ್ತು" ಎಂದೂ ಸೇರಿಸಿದೆ.

ಮೇಸ್ತ್ರಿ ಕಾಯಿ ಕೆಳಗಿಟ್ಟರು.

"ನಾ ಕಲಿಸಿದ್ದು ತಂತಿ ಕೀಳೋದಾ? ಬೆಂಕಿ ಬತ್ತದೋ ಇಲ್ವೋ ಅಂತ ಗಾಡೀನ ಕೇಳು ಅಂದೆ. ನನ್ ಕಾಲದಲ್ಲಿ ಕೇಳೋಕೆ ಅದೊಂದೇ ದಾರಿ ಇತ್ತು, ತಂತಿ ಕಿತ್ತೆ. ಈಗ ಕೇಳೋಕೆ ಬೇರೆ ಯಂತ್ರ ಬಂದದೆ ಅಂದ್ರೆ ಅದರಲ್ಲಿ ಕೇಳ್ಬೇಕಪ್ಪ. ನನ್ ಕಿವಿ ನನ್ ಕಿವಿ ಅಂತ ಕೂತ್ಕಂಡ್ರೆ, ಅದು ಗಾಡಿ ಮಾತು ಕೇಳದಲ್ಲ ಕಣ್ಲಾ, ನಿನ್ ಮಾತು ನೀನೇ ಕೇಳ್ಕಳದು."

ಮತ್ತೆ ಕಾಯಿ ಕೈಗೆತ್ತಿಕೊಂಡು, "ಆಯಮ್ಮಂಗೆ ನಿಜ ಯೋಳ್ದೆ ತಾನೆ?" ಎಂದರು.

"ಯೋಳ್ದೆ ಸಾ."

"ಹಂಗಾದ್ರೆ ಇನ್ನೂ ಕೆಲ್ಸ ಮಾಡ್ಬೋದು. ಓಗು, ಆ ಯಂತ್ರ ತಕ್ಕ."

ಸ್ಕ್ಯಾನರ್ ತಂದೆ. ಅದರ ಜೊತೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷು. ರಮಾ ಅಷ್ಟು ಹೊತ್ತಿಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ವಿದ್ಯುತ್ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಅವಳು ಬಂದ ಮೇಲೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಪಾಠ ಶುರುವಾಗುತ್ತಿತ್ತು. ಅವಳು ಓದಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಪ್ರತಿ ಕೋಡಿಗೂ ನನ್ನ ಅಡ್ಡಪ್ರಶ್ನೆ.

"ಕ್ರ್ಯಾಂಕ್ ಸೆನ್ಸರ್ ಅಂದ್ರೆ ಏನಮ್ಮ?"

"ಎಂಜಿನ್ ಸುತ್ತುತಾ ಇದೆ ಅಂತ ಕಂಪ್ಯೂಟರಿಗೆ ಹೇಳೋದು ಅಪ್ಪ. ಅದು ಹೇಳ್ದೆ ಇದ್ರೆ ಕಂಪ್ಯೂಟರ್ ಬೆಂಕೀನೂ ಕೊಡಲ್ಲ, ಪೆಟ್ರೋಲೂ ಕೊಡಲ್ಲ."

"ಅದರ ಕೋಡ್ ಬಂದ್ರೆ ಸೆನ್ಸರ್ ಕೆಟ್ಟದೆ ಅಂತಾನಾ?"

ಅವಳು ಪುಸ್ತಕದಿಂದ ತಲೆ ಎತ್ತಿದಳು. "ಇಲ್ಲಪ್ಪ. ಸೆನ್ಸರಿನ ಸುದ್ದಿ ತಲುಪ್ತಾ ಇಲ್ಲ ಅಂತ ಮಾತ್ರ. ನಮ್ಮ ಆಫೀಸಿಗೂ ಕರೆಂಟಿಲ್ಲ ಅಂತ ಫೋನ್ ಬರುತ್ತೆ. ಟ್ರಾನ್ಸ್‌ಫಾರ್ಮರೂ ಇರಬಹುದು, ದಾರೀಲಿ ತಂತಿ ಕಡಿದಿರಲೂಬಹುದು. ಲೈನು ಹಿಡ್ಕೊಂಡು ನಡೀಬೇಕು."

ರತ್ನ ಮುದ್ದೆಯ ತಟ್ಟೆ ತಂದು ಪುಸ್ತಕದ ಮೇಲೆಯೇ ಇಡುವವರೆಗೂ ನಮ್ಮ ಕ್ಲಾಸು ನಡೆಯುತ್ತಿತ್ತು. ಆ ಒಂದು ವರ್ಷದಲ್ಲಿ ನಾನು ಕಲಿತಷ್ಟು ಐಟಿಐನಲ್ಲೂ ಕಲಿತಿರಲಿಲ್ಲ.

ಒಂದು ಬೆಳಿಗ್ಗೆ ಶೆಡ್ಡಿನಲ್ಲಿದ್ದಾಗ ಫೋನು ಬಂತು. "ಮಾದೇವಣ್ಣ, ನಾನು ಸಿಸ್ಟರ್ ಸರೋಜಮ್ಮ. ಮುಡುಕುತೊರೆ ಅತ್ರ ರಸ್ತೇಲಿ ನಿಂತಿದೀನಿ. ಸೆಲ್ಫ್ ಹೊಡೀತದೆ..."

ಉಳಿದದ್ದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ಕ್ಯಾನರನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನೊಂದು ಸಲ ತಪ್ಪಿದರೆ?

ಕಾರು ಗದ್ದೆಯ ಪಕ್ಕದ ಹೊಂಗೆ ಮರದ ಕೆಳಗಿತ್ತು. ಹಿಂದಿನ ಸೀಟಿನಲ್ಲಿ ಲಸಿಕೆಯ ತಂಪು ಪೆಟ್ಟಿಗೆ, ರಿಜಿಸ್ಟರುಗಳು, ಮಗು ತೂಗುವ ತಕ್ಕಡಿ.

"ಮುಡುಕುತೊರೆ ಅಂಗನವಾಡೀಲಿ ಹತ್ತನ್ನೆರಡು ತಾಯಂದ್ರು ಮಕ್ಕಳನ್ನ ಎತ್ಕೊಂಡು ಕಾಯ್ತಾವ್ರೆ. ಕೂಲಿ ಬಿಟ್ಟು ಬಂದಿರೋರು, ಒಂದ್ಸಲ ವಾಪಸ್ ಓದ್ರೆ ಮತ್ತೆ ಕರ್ಕಂಬರೋದು ಕಷ್ಟ. ಅಲ್ಲಿಂದ ಇನ್ನೆರಡು ಊರದೆ" ಎಂದರು ಸಿಸ್ಟರ್.

"ನನ್ ಸ್ಕೂಟರಲ್ಲಿ ಬುಟ್ಬುಡ್ಲಾ?"

"ಇಷ್ಟು ಸಾಮಾನು ಹೆಂಗೆ ಓಗ್ತದೆ? ಹತ್ತು ನಿಮಿಷ ನೋಡಿ. ಆಗ್ದಿದ್ರೆ ಪೆಟ್ಟಿಗೆ ಒಂದನ್ನೇ ತಕ್ಕಂಡು ಓಗೋಣ."

ನಾನು ತಡೆಯಲಾರದೆ ಕೇಳಿಬಿಟ್ಟೆ. "ಸಿಸ್ಟರ್, ಆವತ್ತು ಅಷ್ಟೆಲ್ಲ ಆದ ಮೇಲೂ ನನ್ನೇ ಯಾಕೆ ಕರುದ್ರಿ?"

"ಗಾಡಿ ನನಗೆ ಅರ್ಥ ಆಗಲ್ಲ ಮಾದೇವಣ್ಣ. ಯಾರು ಏನು ಯೋಳಿದ್ರೂ ನಂಬಬೇಕು. ನಂಬಬೋದು ಅಂತ ಗೊತ್ತಿರೋ ಮೆಕ್ಯಾನಿಕ್ಕು ನೀವೊಬ್ರೇ."

ಬಾನೆಟ್ ಎತ್ತುವ ನೆಪದಲ್ಲಿ ನಾನು ಮುಖ ಆ ಕಡೆ ತಿರುಗಿಸಿದೆ.

ಒಂದು ತಂತಿಯನ್ನೂ ಕೀಳಲಿಲ್ಲ. ಸ್ಕ್ಯಾನರ್ ಚುಚ್ಚಿ ಸೆಲ್ಫ್ ಹೊಡೆಸಿದೆ. ಎಂಜಿನ್ ಸುತ್ತುತ್ತಿದೆ, ಪರದೆಯ ಮೇಲೆ ಮಾತ್ರ ಎಂಜಿನ್ನಿನ ವೇಗ ಸೊನ್ನೆ. ಕ್ರ್ಯಾಂಕ್ ಸೆನ್ಸರಿನ ಕೋಡ್ ಬಂತು. ಸೆನ್ಸರನ್ನೇ ಬದಲಾಯಿಸಿ ಎನ್ನುವುದು ಸುಲಭದ ಉತ್ತರ. ಅದನ್ನು ತರಲು ಮೈಸೂರಿಗೆ ಹೋಗಬೇಕು, ಅಲ್ಲಿಗೆ ಆ ದಿನವೇ ಮುಗಿಯಿತು. ಲೈನು ಹಿಡಿದು ನಡೆದೆ. ಸೆನ್ಸರಿನಿಂದ ಹೊರಟ ತಂತಿಯ ಮೇಲೆ ಬೆರಳಾಡಿಸುತ್ತಾ ಬಂದರೆ ಎಂಜಿನ್ನಿನ ಹಿಂಭಾಗದ ಸಂದಿಯಲ್ಲಿ ಮೆತ್ತಗೆ ಏನೋ ಸಿಕ್ಕಿತು. ಎಳೆದೆ. ಹತ್ತಿ. ಬೆಳ್ಳಗಿನ, ಆಸ್ಪತ್ರೆಯ ಹತ್ತಿ, ಹಿಡಿ ತುಂಬ.

ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ, ನಮ್ಮ ಹತ್ತಿ ಸುರುಳಿ! ಹೋದ ವಾರ ಬ್ಯಾಗಿನಲ್ಲಿ ಕಾಣ್ತಿಲ್ಲ ಅಂತ ಆಯಾನ ಬೈದಿದ್ನಲ್ಲಾ!"

ಇಲಿ ಅದನ್ನು ಕದ್ದು ಎಂಜಿನ್ನಿನ ಬೆಚ್ಚಗಿನ ಜಾಗದಲ್ಲಿ ಬಾಣಂತಿಕೋಣೆ ಮಾಡಿಕೊಂಡಿತ್ತು. ಅಡ್ಡ ಬಂದ ತಂತಿಗಳನ್ನು ಕಡಿದಿತ್ತು. ಒಂದು ಪೂರ್ತಿ ತುಂಡಾಗಿತ್ತು, ಇನ್ನೊಂದರ ಮೈ ಸುಲಿದಿತ್ತು. ಬ್ಯಾಟರಿಯ ತಂತಿ ಕಳಚಿ, ತುಂಡಾದ ತುದಿಗಳನ್ನು ಕೆರೆದು ಹೊಸೆದು ಕೂಡಿಸಿದೆ. ಸುತ್ತಲು ಟೇಪಿಗಾಗಿ ಚೀಲಕ್ಕೆ ಕೈ ಹಾಕಿದರೆ ಬರೀ ರಟ್ಟಿನ ಉಂಗುರ, ಟೇಪು ಮುಗಿದಿತ್ತು.

"ಸರೀರಿ ಆ ಕಡೆ" ಎಂದರು ಸಿಸ್ಟರ್. ತಮ್ಮ ಬ್ಯಾಗಿನಿಂದ ಗಾಯಕ್ಕೆ ಹಾಕುವ ಪ್ಲಾಸ್ಟರ್ ಸುರುಳಿ ತೆಗೆದು, ಕತ್ತರಿಯಲ್ಲಿ ಕತ್ತರಿಸಿ, ಎರಡೂ ತಂತಿಗಳಿಗೆ ಬೇರೆ ಬೇರೆಯಾಗಿ ಒಂದು ಸುಕ್ಕೂ ಇಲ್ಲದಂತೆ ಸುತ್ತಿದರು. "ಕಟ್ಟು ಹಾಕೋದು ನನ್ ಕೆಲ್ಸ. ನೀವು ನಿಮ್ ಕೆಲ್ಸ ನೋಡಿ."

ಬ್ಯಾಟರಿ ಜೋಡಿಸಿ ಅವರಿಗೇ ಕೀಲಿ ಕೊಟ್ಟೆ. ತಿರುಗಿಸಿದರು. ಸೆಲ್ಫ್ ಪೂರ್ತಿ ಒಂದು ಸುತ್ತು ಹೊಡೆಯುವುದರೊಳಗೆ ಎಂಜಿನ್ ಹತ್ತಿಕೊಂಡಿತು. ಸಿಸ್ಟರ್ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಜೋರಾಗಿ ನಕ್ಕರು. ಆ ಸಂತೋಷದಲ್ಲಿ ನಾನೂ ನಕ್ಕೆ.

"ಸಂಜೆ ಶೆಡ್ಡಿಗೆ ತನ್ನಿ, ಬೆಸುಗೆ ಹಾಕ್ಕೊಡ್ತೀನಿ. ಈಗ ಓಗಿ" ಎಂದರೆ ಅವರು ಒಪ್ಪಲಿಲ್ಲ. "ನೀವೂ ಹಿಂದೇನೇ ಬನ್ನಿ. ಮಕ್ಕಳಿಗೆಲ್ಲ ಹಾಕಿ ಮುಗಿಸೋಗಂಟ ಅಲ್ಲೇ ಇರ್ಬೇಕು. ಮತ್ತೆ ನಿಂತ್ರೆ?"

ಹಾಗೆ ಆ ಬೆಳಿಗ್ಗೆ ನಾನು ಮುಡುಕುತೊರೆಯ ಅಂಗನವಾಡಿಯ ಜಗಲಿಯ ಮೇಲೆ ಮಸಿ ಕೈಯಲ್ಲೇ ಕೂತೆ. ತಾಯಂದಿರು ಯಾರೂ ವಾಪಸು ಹೋಗಿರಲಿಲ್ಲ. ಮರದ ನೆರಳಿನಲ್ಲಿ ಮಕ್ಕಳನ್ನು ಆಡಿಸುತ್ತಾ ಕಾಯುತ್ತಿದ್ದರು. ಸಿಸ್ಟರ್ ಒಬ್ಬೊಬ್ಬರ ಹೆಸರು ಕೂಗಿ ಒಳಗೆ ಕರೆದರು. ಒಳಗಿನಿಂದ ಮೊದಲ ಮಗು ಕಿಟಾರನೆ ಕಿರುಚಿತು. ಆಮೇಲೆ ಎರಡನೆಯದು, ಮೂರನೆಯದು. ಅಂಗಳದಲ್ಲಿ ಉಳಿದ ಮಕ್ಕಳು ಗಾಬರಿಯಾಗಿ ಸೂಜಿ ತಾಕುವ ಮೊದಲೇ ಅಳತೊಡಗಿದವು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ, "ಮಕ್ಕಳು ಇಂಗೆ ಅರಚ್ಕೋತಾವೆ, ಅದ್ಯಾಕಪ್ಪ ನೀನು ನಗ್ತಾ ಕೂತಿದ್ದೀಯ?" ಎಂದು ಗದರಿದರು.

"ಏನಿಲ್ಲವ್ವ, ಎಲ್ಲಾ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತಾವೆ" ಅಂದೆ. ಅಷ್ಟರಲ್ಲಿ ನಾಲ್ಕನೆಯದೂ ಶುರು ಮಾಡಿತು.